ಮರೆಯಿಂದ ಹೊರಟುಹೋಗುವವನು

ಹಕ್ಕಿಗಳಿಗೆ ಲೆಕ್ಕ ಬರುವುದಿಲ್ಲ. ಈ ಒಂದು ಸಂಗತಿಯನ್ನು ನಂಬಿಕೊಂಡು ನನ್ನ ಭಾನುವಾರಗಳೂ ನನ್ನ ಸಂಸಾರವೂ ಹಲವು ವರ್ಷ ನಡೆದವು.

ಜೌಗಿನ ಅಂಚಿನಲ್ಲಿ ನಾಲ್ಕು ಬಿದಿರು ನೆಟ್ಟು, ಗೋಣಿಯನ್ನೂ ಹಸಿರು ಬಟ್ಟೆಯನ್ನೂ ಸುತ್ತಿ, ಒಬ್ಬರು ಮುದುರಿ ಕೂರುವಷ್ಟು ಮರೆ ಕಟ್ಟುತ್ತೇವೆ. ಒಬ್ಬರೇ ಹೋಗಿ ಅದರೊಳಗೆ ಕೂತರೆ ಪ್ರಯೋಜನವಿಲ್ಲ. ಹೊಕ್ಕವರು ಹೊರಗೆ ಬಂದಿಲ್ಲ ಎನ್ನುವುದು ಹಕ್ಕಿಗೆ ಗೊತ್ತಿರುತ್ತದೆ, ಮಧ್ಯಾಹ್ನದವರೆಗೂ ದೂರದಲ್ಲೇ ನಿಂತು ದಿಟ್ಟಿಸುತ್ತದೆ. ಅದೇ ಇಬ್ಬರು ಹೋಗಿ, ಒಬ್ಬರು ಒಳಗೆ ಉಳಿದು, ಇನ್ನೊಬ್ಬರು ಎದ್ದು ಕಾಣುವ ಹಾಗೆ ಹೊರಟುಹೋದರೆ, ಬಂದವರು ಹೋದರು ಎಂದುಕೊಂಡು ಸ್ವಲ್ಪ ಹೊತ್ತಿಗೇ ಗೂಡಿಗೆ ಮರಳುತ್ತದೆ. ಹಕ್ಕಿಯ ಫೋಟೋ ತೆಗೆಯುವವರೆಲ್ಲ ಬಲ್ಲ ಉಪಾಯ ಇದು.

ಒಳಗೆ ಉಳಿಯುವವಳು ನಾನು. ಹೊರಟುಹೋಗುವವನು ನನ್ನ ಗಂಡ.

ಅವನಿಗೆ ಹಕ್ಕಿಗಳ ಮೇಲೆ ಎಳ್ಳಷ್ಟೂ ಆಸಕ್ತಿ ಇರಲಿಲ್ಲ. ದೆಹಲಿಯ ಹೌಜ್ ಖಾಸ್‌ನಲ್ಲಿ ಇಬ್ಬರೂ ಎಂ.ಟೆಕ್. ಓದುತ್ತಿದ್ದಾಗ, ಎಸ್‌ಟಿಡಿ ಬೂತಿನ ಹೊರಗೆ ಸರದಿಗೆ ಕಾಯುತ್ತ ನಿಂತಿದ್ದವನಿಗೆ ಒಳಗಿನಿಂದ ಯಾರೋ ಅಮ್ಮನ ಜೊತೆ ಕನ್ನಡದಲ್ಲಿ ಕಿತ್ತಾಡುವುದು ಕೇಳಿಸಿತಂತೆ. ಬಾಗಿಲು ತೆಗೆದು ಹೊರಗೆ ಬಂದವಳು ನಾನು. ಆ ಬಾಯಿ ನೋಡಿಯೂ ಮದುವೆಯಾದ. ಸಹಪಾಠಿಗಳಾದ್ದರಿಂದ ಇವತ್ತಿಗೂ ಏಕವಚನದಲ್ಲೇ ಮಾತು. ಘಾಜಿಯಾಬಾದಿನಲ್ಲಿ ಬಾಡಿಗೆ ಫ್ಲ್ಯಾಟ್ ಹಿಡಿದೆವು. ನಾನು ನೋಯ್ಡಾದ ಒಂದು ಕಂಪನಿಯಲ್ಲಿ ಕೋಡ್ ಬರೆಯುತ್ತಿದ್ದೆ, ಅವನು ದೆಹಲಿಯ ಇನ್ನೊಂದು ಕಂಪನಿಯಲ್ಲಿ ವಾರವಿಡೀ ಮೀಟಿಂಗ್ ನಡೆಸುತ್ತಿದ್ದ. ಯಾವ ಜಗಳವನ್ನೂ ಕೂತು ಮಾತಾಡಿ ಮುಗಿಸಬಹುದು ಎಂದು ಮನಸಾರೆ ನಂಬಿದ್ದವನು.

ನನ್ನ ನಂಬಿಕೆ ಬೇರೆ. ಮರೆಗೆಂದು ಪರದೆ ಬಟ್ಟೆ ಕೊಳ್ಳಲು ಸರೋಜಿನಿ ನಗರಕ್ಕೆ ಹೋದಾಗ ಅಳತೆಯಲ್ಲಿ ಮೋಸ ಮಾಡಿದ ಅಂಗಡಿಯವನ ಮೀಟರ್ ಕೋಲನ್ನೇ ಕಿತ್ತುಕೊಂಡಿದ್ದೆ. ಗಂಡ ನಡುವೆ ನುಗ್ಗಿ, "ಭಯ್ಯಾ, ಮ್ಯಾಡಮ್ ಸುಬಹ್ ಸೇ ಭೂಖೀ ಹೈ, ಮಾಫ್ ಕರೋ" ಎಂದು ನನ್ನ ಹಸಿವಿನ ಮೇಲೆ ಹಾಕಿ ಬಿಡಿಸಿಕೊಂಡು ಬಂದ. ಅಂಗಡಿಯವನು ನಕ್ಕು ಒಂದು ಗೇಣು ಹೆಚ್ಚೇ ಕೊಟ್ಟ. "ಎಕ್ಸ್‌ಪೋರ್ಟ್ ಕಾ ಮಾಲ್ ಹೈ, ಆನೆ ಎಳೆದರೂ ಹರಿಯೋದಿಲ್ಲ" ಎಂಬರ್ಥದಲ್ಲಿ ಹಿಂದಿಯಲ್ಲಿ ಆಣೆ ಮಾಡಿದ.

ಮರೆಯೊಳಗೆ ಟ್ರೈಪಾಡ್ ಹಿಡಿಸುತ್ತಿರಲಿಲ್ಲ. ಲೆನ್ಸನ್ನು ಅಕ್ಕಿ ತುಂಬಿದ ಚೀಲದ ಮೇಲೆ ಊರುತ್ತಿದ್ದೆ. ಆದರೂ ಟ್ರೈಪಾಡ್ ತಪ್ಪದೆ ತರುತ್ತಿದ್ದೆವು, ಗಂಡ ಹೊತ್ತುಕೊಂಡು ಹೋಗಲಿಕ್ಕೆ. ದೊಡ್ಡದೇನೋ ಹೊರಟುಹೋಯಿತು ಎಂದು ಹಕ್ಕಿಗೆ ಅನ್ನಿಸಬೇಕಲ್ಲ. ಕೆಂಪು ಟೋಪಿ ಹಾಕಿ, ಮೂರು ಕಾಲಿನ ಟ್ರೈಪಾಡನ್ನು ಹೆಗಲಿಗೇರಿಸಿ, ಗಟ್ಟಿಯಾಗಿ ಅಪಸ್ವರದಲ್ಲಿ ಹಾಡಿಕೊಳ್ಳುತ್ತ ಬದುವಿನ ಮೇಲೆ ನಡೆದುಹೋಗುತ್ತಿದ್ದ. ಕಾಲುವೆಯ ಏರಿ ತಲುಪಿದ ಮೇಲೆ ಒಮ್ಮೆ ನಿಂತು ಹಿಂತಿರುಗಿ ಹೊಲವನ್ನೆಲ್ಲ ನೋಡುತ್ತಿದ್ದ, ನಾನು ಸರಿಯಾಗಿದ್ದೇನೆಯೇ ಎಂದು. ಆಮೇಲೆ ಟೀ ಅಂಗಡಿಯಲ್ಲಿ ಪೇಪರ್ ಓದುತ್ತ ಕೂರುತ್ತಿದ್ದ.

ಹೊರಡುವ ಮುಂಚೆ ಅವನಿಗೆ ಇನ್ನೊಂದು ಕೆಲಸವಿತ್ತು. ಮರೆಯ ಹಿಂಬದಿಯ ಬಟ್ಟೆ ಗಾಳಿಗೆ ಪಟಪಟ ಬಡಿದರೆ ಹಕ್ಕಿ ಹೆದರುತ್ತದೆ, ಅದನ್ನು ಹೊರಗಿನಿಂದ ಬಿಗಿದು ಕಟ್ಟಬೇಕು. ಒಳಗಿನಿಂದ ದಾರ ಎಳೆದರೆ ಬಿಚ್ಚಿಕೊಳ್ಳುವ ಹಾಗೆ ಜಾರುಗಂಟು ಹಾಕುತ್ತಿದ್ದ.

ಜೌಗು ಎಂದರೆ ಶಾಂತಿ, ನೆಮ್ಮದಿ ಎನ್ನುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಆಫೀಸಿನಲ್ಲಿ ನನ್ನ ಚಿತ್ರ ನೋಡಿದವರು "ಹೌ ಪೀಸ್‌ಫುಲ್" ಅನ್ನುತ್ತಿದ್ದರು. ನಾನು ಕಂಡದ್ದು ಕಸಾಯಿಖಾನೆ. ಒಂದು ಚಳಿಗಾಲದ ಬೆಳಿಗ್ಗೆ ಗಿಡುಗವೊಂದು ನಾಮಗೋಳಿ ಎಂಬ ನೀರುಕೋಳಿಯ ಬೆನ್ನ ಮೇಲೆ ಕೂತು, ಅದರ ತಲೆ ನೀರಿನ ಮೇಲೆ ಬಂದಾಗಲೆಲ್ಲ ಕಾಲಿನಿಂದ ಅದುಮುತ್ತ, ಸಾಯುವವರೆಗೂ ಕಾಯದೆ ಕುತ್ತಿಗೆಯ ಗರಿ ಕೀಳಲು ಶುರುಮಾಡಿತು. ಕೋಳಿಯ ಕಾಲುಗಳು ಇನ್ನೂ ಈಜುತ್ತಿದ್ದವು. ಎರಡು ಗಂಡು ನೀಲಗಾಯಿಗಳು ಮುಂಗಾಲು ಮಡಿಸಿ ಕೆಸರಿನಲ್ಲಿ ಮಂಡಿಯೂರಿ, ಒಂದರ ಕತ್ತನ್ನು ಇನ್ನೊಂದು ನೆಲಕ್ಕೆ ಒತ್ತಿ, ಕೊಂಬು ಹೊಟ್ಟೆಗೆ ಹೋಗುವವರೆಗೂ ಕಾದಾಡಿದವು. ಗೆದ್ದದ್ದು ಹೋಗಿ ಹುಲ್ಲು ಮೇಯಿತು. ಸೋತದ್ದನ್ನು ನಾಯಿಗಳ ಹಿಂಡು ಹಿಂಗಾಲಿನ ಕಡೆಯಿಂದ ತಿನ್ನತೊಡಗಿತು. ಇದೆಲ್ಲವನ್ನೂ ನಾನು ತೆಗೆದೆ, ಒಂದಾದ ಮೇಲೊಂದು.

ಬೆಟ್ಟಗಳಲ್ಲೂ ಹಾಗೆಯೇ. ಇನ್ನೂ ಫಿಲಂ ಕಾಲ, ರಜೆಗೆಂದು ಕುಮಾವೂಂ ಕಡೆ ಹೋಗಿದ್ದಾಗ ಕಣಿವೆಗೆ ಬಿದ್ದು ಸತ್ತ ಹೇಸರಗತ್ತೆಯೊಂದು ಸಿಕ್ಕಿತು. ಕಲ್ಲಿನ ರಾಶಿಯ ಹಿಂದೆ ನನ್ನನ್ನು ಕೂರಿಸಿ ಗಂಡ ಹಾಡುತ್ತ ಇಳಿದುಹೋದ. ರಣಹದ್ದುಗಳು ಬಂದವು. ಮೊದಲು ಕಣ್ಣು, ಆಮೇಲೆ ಬಾಲದಡಿಯ ಮೆತ್ತನೆ ಜಾಗ, ಆಮೇಲೆ ಹೆಗಲವರೆಗೂ ಒಳಗೆ ತಲೆ. ಹೊರಗೆ ಬಂದ ಪ್ರತಿ ಕತ್ತೂ ರಕ್ತದಲ್ಲಿ ಅದ್ದಿ ತೆಗೆದಂತಿತ್ತು. ನನ್ನನ್ನು ಕರೆದೊಯ್ಯಲು ಮೇಲೆ ಬಂದ ಗಂಡ ನಾತಕ್ಕೆ ವಾಂತಿ ಮಾಡಿಕೊಂಡ.

"ಇದರಲ್ಲಿ ನಿನಗೆ ಏನ್ ಕಾಣುತ್ತೆ ಹೇಳು?" ಎಂದು ಬಾಯಿ ಒರೆಸಿಕೊಳ್ಳುತ್ತ ಕೇಳಿದ.

"ಇಲ್ಲಿ ಯಾರೂ ನಾಟಕ ಆಡಲ್ಲ" ಎಂದೆ. ಆಗ ನನಗೆ ಅದು ದೊಡ್ಡ ಮಾತು ಎನ್ನಿಸಿತ್ತು.

ಸಾರಸದ ಗೂಡು ಸಿಕ್ಕಿದ್ದು ಡಿಜಿಟಲ್ ಕ್ಯಾಮೆರಾ ಕೊಂಡ ಮೇಲಿನ ಒಂದು ಮಳೆಗಾಲದಲ್ಲಿ. ಘಾಜಿಯಾಬಾದಿನಿಂದ ಕಾರಿನಲ್ಲಿ ಒಂದು ಗಂಟೆಯೊಳಗೆ ತಲುಪುವ ಹಳ್ಳಿ. ಹೆಸರು ಬೇಡ. ನೀರು ನಿಂತ ಭತ್ತದ ಗದ್ದೆ ಮತ್ತು ಜೊಂಡು ಸೇರುವ ಕಡೆ ಹುಲ್ಲು ಗುಡ್ಡೆ ಹಾಕಿ, ಅದರ ಮೇಲೆ ಎರಡು ಮೊಟ್ಟೆ. ಸಾರಸ ನನ್ನಷ್ಟೇ ಎತ್ತರದ ಹಕ್ಕಿ. ಬೂದು ಮೈ, ತೊಗಲು ಸುಲಿದಂತೆ ಕಾಣುವ ಕೆಂಪು ತಲೆ. ಮೊದಲ ವಾರವೇ ಗಂಡು ಸಾರಸ ಒಂದು ನರಿಯನ್ನು ನನ್ನ ಕಣ್ಣೆದುರು ಹಿಡಿಯಿತು. ನೆಗೆದು ಎರಡೂ ಕಾಲಿನಿಂದ ಒದ್ದು ಉರುಳಿಸಿ, ಏಳುವಷ್ಟರಲ್ಲಿ ಕೊಕ್ಕಿನಿಂದ ಕಣ್ಣಿಗೇ ಕುಕ್ಕಿತು. ನರಿ ಕುಂಯ್ಯೆನ್ನುತ್ತ ಜೊಂಡಿಗೆ ಡಿಕ್ಕಿ ಹೊಡೆಯುತ್ತ ಓಡಿತು.

ಗದ್ದೆಯ ಯಜಮಾನ ಒಬ್ಬ ಮುದುಕ. ಆ ಕಡೆ ಹೊಸದಾಗಿ ಮದುವೆಯಾದವರಿಗೆ ಸಾರಸದ ಜೋಡಿ ತೋರಿಸುವ ರೂಢಿಯಿದೆ, ನಾವೂ ಅದಕ್ಕೇ ಬಂದಿದ್ದೇವೆ ಎಂದುಕೊಂಡ. ಮದುವೆಯಾಗಿ ವರ್ಷಗಳಾದವು ಎಂದಾಗ, "ಕೋಯಿ ಬಾತ್ ನಹೀಂ, ಅಬ್ ದೇಖ್ ಲೋ" ಎಂದು, ಈಗಲಾದರೂ ನೋಡಿಕೊಳ್ಳಿ ಎಂಬಂತೆ ಅನುಮತಿ ಕೊಟ್ಟ. ಅವನೊಬ್ಬನಿಗೆ ಹೇಳಿದರೆ ಊರಿಗೆಲ್ಲ ಹೇಳಿದಂತೆ ಎಂದು ನಾವು ತಿಳಿದೆವು. ಹಳ್ಳಿ ಎಂದರೆ ಹಾಗೆ ಎಂಬ ಪಟ್ಟಣದವರ ಲೆಕ್ಕ.

ಊರಿನ ತಲೆಯಲ್ಲಿ ಆಗ ಇದ್ದದ್ದು ಬೇರೆ. ಸುತ್ತಲಿನ ಊರುಗಳ ಭೂಮಿಯನ್ನು ಸರ್ಕಾರ ಕಟ್ಟಡಗಳಿಗಾಗಿ ವಶಪಡಿಸಿಕೊಳ್ಳುತ್ತಿತ್ತು. ಸರ್ವೆಯವರು ಬಂದು ಮೂರು ಕಾಲಿನ ಯಂತ್ರ ನಿಲ್ಲಿಸಿ, ಕಣ್ಣಿಟ್ಟು ನೋಡಿ, ಕೆಂಪು ಬಳಿದ ಕಲ್ಲು ನೆಟ್ಟು ಹೋಗುತ್ತಿದ್ದರು. ಮಾರನೆಯ ದಿನ ಆ ಕಲ್ಲು ಕಾಲುವೆಯಲ್ಲಿರುತ್ತಿತ್ತು. ಆ ಊರಿನವರ ಕಣ್ಣಿಂದ ನಾವು ನಮ್ಮನ್ನು ಒಮ್ಮೆಯೂ ನೋಡಿಕೊಳ್ಳಲಿಲ್ಲ. ಪ್ರತಿ ಭಾನುವಾರ ಪಟ್ಟಣದ ಕಾರೊಂದು ಬರುತ್ತದೆ. ಕೆಂಪು ಟೋಪಿಯವನೊಬ್ಬ ಮೂರು ಕಾಲಿನ ಯಂತ್ರ ಹೊತ್ತು ಗದ್ದೆಯೊಳಗಿಂದ ಬರುತ್ತಾನೆ. ಏರಿಯ ಮೇಲೆ ನಿಂತು, ತಿರುಗಿ, ಹೊಲವನ್ನೆಲ್ಲ ಅಳೆಯುವಂತೆ ನೋಡಿ ಹೋಗುತ್ತಾನೆ.

ಆ ಭಾನುವಾರ ಮೊಟ್ಟೆ ಒಡೆಯುವ ಸಮಯ ಹತ್ತಿರವಾಗಿತ್ತು. ವಾರವಿಡೀ ಮನೆಯಲ್ಲಿ ನನ್ನದು ಒಂದೇ ರಾಗ, ಈ ಸಲ ತಪ್ಪಿದರೆ ಹೋಯಿತು, ಮುಂದಿನ ಮಳೆಗಾಲವೇ ಗತಿ. ಮೋಡ ಕವಿದ ಬೆಳಗಿನಲ್ಲಿ ಇಬ್ಬರೂ ಮರೆಯವರೆಗೂ ನಡೆದೆವು. ನಾನು ಒಳಗೆ ನುಗ್ಗಿ ಕ್ಯಾಮೆರಾ ಹೊಂದಿಸುತ್ತಿದ್ದೆ. ಅವನು ಹಿಂದೆ ಬಟ್ಟೆ ಕಟ್ಟುತ್ತ ಎಂದಿಗಿಂತ ಹೆಚ್ಚು ಹೊತ್ತು ತೆಗೆದುಕೊಂಡ.

"ಏನ್ ಮಾಡ್ತಿದೀಯ ಅಲ್ಲಿ? ಹೋಗು ಬೇಗ" ಎಂದು ಪಿಸುಗುಟ್ಟಿದೆ.

"ಹೋಗ್ತಿದೀನಿ ಕಣೇ. ನೀನು ಕೂತ್ಕೋ. ಏನೇ ಆದ್ರೂ ಸದ್ದು ಮಾಡ್ಬೇಡ, ಹಕ್ಕಿ ಹೆದರುತ್ತೆ."

ಹಕ್ಕಿಯ ವಿಷಯದಲ್ಲಿ ಅವನು ನನಗೆ ಬುದ್ಧಿ ಹೇಳಿದ್ದು ಅದೇ ಮೊದಲು. ಹಾಡುತ್ತ ಹೋದ. ಎಂದಿಗಿಂತ ಜೋರಾಗಿಯೇ ಹಾಡಿದ.

ಹೆಣ್ಣು ಸಾರಸ ಬೇಗನೆ ಮರಳಿತು. ಗೂಡಿನ ಮೇಲೆ ಬಾಗಿ, ಕೊಕ್ಕಿನಿಂದ ಮೊಟ್ಟೆಯನ್ನು ಮೆಲ್ಲಗೆ ಹೊರಳಿಸಿತು. ಲೆನ್ಸಿನಲ್ಲಿ ನನಗೆ ಬಿರುಕು ಕಂಡಿತು. ಬಿರುಕಿನೊಳಗೆ ಏನೋ ಮಿಸುಕುತ್ತಿತ್ತು. ನಾನು ಉಸಿರು ಬಿಗಿಹಿಡಿದು ಬಟನ್ ಒತ್ತಿದೆ. ಆಗಲೇ ಹಕ್ಕಿ ಕತ್ತನ್ನು ಸೆಟೆದು ಏರಿಯ ಕಡೆ ತಿರುಗಿತು. ನನ್ನ ಬೆನ್ನ ಹಿಂದಿನಿಂದ ಗಂಡಸರ ದನಿಗಳು, ಯಾರು ಕಳಿಸಿದ್ದು, ಭೂಮಿ ಅಳೆಯಲು ಬಂದೆಯಾ ಎಂದು.

"ಕಿಸ್‌ನೇ ಭೇಜಾ ಹೈ ತುಝೇ? ಜಮೀನ್ ನಾಪ್‌ನೇ ಆಯಾ ಹೈ?"

"ನಹೀಂ ಭಯ್ಯಾ, ಬೈಠ್ ಕೇ ಬಾತ್ ಕರ್‌ತೇ ಹೈಂ." ಕೂತು ಮಾತಾಡೋಣ ಎನ್ನುವ ನನ್ನ ಗಂಡನ ಮೀಟಿಂಗ್ ದನಿ.

"ಔರ್ ಕೌನ್ ಹೈ ತೇರೇ ಸಾಥ್?"

"ಕೋಯಿ ನಹೀಂ. ಅಕೇಲಾ ಹೂಂ."

ಜೊತೆಗೆ ಯಾರಿದ್ದಾರೆ ಎಂದರೆ, ಯಾರೂ ಇಲ್ಲ, ಒಬ್ಬನೇ ಎಂದ. ಒದ್ದೆ ಕಂಬಳಿಯನ್ನು ಒಗೆಯುವ ಕಲ್ಲಿಗೆ ಬಡಿದಂತೆ ಒಂದು ಸದ್ದು ಬಂತು, ಆಮೇಲೆ ಅವನ ಕೂಗು. ಅಂಥ ಕೂಗು ಅವನ ಗಂಟಲಿನಿಂದ ನಾನು ಕೇಳಿರಲಿಲ್ಲ. ದಾರ ಎಳೆದೆ. ಬಿಚ್ಚಲಿಲ್ಲ. ಮತ್ತೆ ಎಳೆದೆ, ಬೆರಳು ಕೊಯ್ದುಕೊಂಡಿತು. ಹೊರಗೆ ಒಂದಾದ ಮೇಲೊಂದು ಏಟು ಬೀಳುತ್ತಿತ್ತು. ಬಟ್ಟೆಯನ್ನು ಹರಿಯಲು ನೋಡಿದೆ, ಹಲ್ಲು ಹಾಕಿದೆ. ಅಂಗಡಿಯವನ ಆಣೆ ನಿಜವಾಗಿತ್ತು, ಹಾಳು ಬಟ್ಟೆ ಹರಿಯಲಿಲ್ಲ. ಕೊನೆಗೆ ತಲೆ ತಗ್ಗಿಸಿ, ಎದುರಿನ ಬಿದಿರಿಗೆ ಹೆಗಲು ಕೊಟ್ಟು ಮುಂದಕ್ಕೆ ನುಗ್ಗಿದೆ. ಮರೆ ಬುಡಸಮೇತ ಕಿತ್ತು ಬಂತು. ಗೋಣಿಯೂ ಬಿದಿರೂ ಮೈಗೆ ಸುತ್ತಿಕೊಂಡೇ ಗೂಡಿನ ಎದುರು ನೀರಿಗೆ ಬಿದ್ದೆ.

ಖಾಲಿ ಎಂದು ನಂಬಿದ್ದ ಜಾಗದಿಂದ ಮನುಷ್ಯಳೊಬ್ಬಳು ಎದ್ದಳು. ಗಂಡು ಸಾರಸಕ್ಕೆ ನಾನೂ ಆ ನರಿಯೂ ಒಂದೇ. ಎರಡು ರೆಕ್ಕೆ ಬಿಚ್ಚಿ ಆಕಾಶವನ್ನೇ ಮುಚ್ಚಿಕೊಂಡು ನೆಗೆಯಿತು. ಒಂದು ಕಾಲು ಎದೆಗೆ ಬಿತ್ತು, ಇನ್ನೊಂದರ ಉಗುರು ಹುಬ್ಬಿನಿಂದ ಕಿವಿಯವರೆಗೂ ಸೀಳಿತು. ನಾನೂ ಒದ್ದೆ. ಹಕ್ಕಿಯ ಮೇಲೆ ಕಾಲೆತ್ತಿದ್ದು ನನ್ನ ಬದುಕಿನಲ್ಲಿ ಅದೊಂದೇ ಸಲ. ಹಿಂದಿನಿಂದ ಕೊಕ್ಕು ಬೆನ್ನಿಗೆ ಗುದ್ದುತ್ತಿರುವಂತೆಯೇ, ಮಂಡಿಯುದ್ದ ಕೆಸರಿನಲ್ಲಿ, ಕುತ್ತಿಗೆಗೆ ಜೋತ ಕ್ಯಾಮೆರಾ ಹಿಡಿದು ಏರಿಯ ಕಡೆ ಓಡಿದೆ. ಒಂದು ಕಣ್ಣು ರಕ್ತದಿಂದ ಮುಚ್ಚಿಹೋಗಿತ್ತು.

ಇನ್ನೊಂದು ಕಣ್ಣಿಗೆ ಕಂಡದ್ದು ಇದು. ಗಂಡ ಬದಿಗೆ ಮುದುಡಿ ಬಿದ್ದು ತಲೆಯನ್ನು ತೋಳುಗಳಿಂದ ಮುಚ್ಚಿಕೊಂಡಿದ್ದ. ಏಳೆಂಟು ಜನ ಸುತ್ತ. ಕೆಲವರ ಕೈಯಲ್ಲಿ ಲಾಠಿ. ಒಬ್ಬ ನಮ್ಮ ಟ್ರೈಪಾಡನ್ನೇ ಮಡಚಿ ಹಿಡಿದು ಒನಕೆಯಂತೆ ಎತ್ತಿ ಎತ್ತಿ ಹಾಕುತ್ತಿದ್ದ. ಗಂಡನ ತೋಳಿನಿಂದ ಒಣ ಕಟ್ಟಿಗೆ ಮುರಿದ ಸದ್ದು ಬಂದಾಗ ನಾನು ಅಲ್ಲಿಗೆ ತಲುಪಿದ್ದೆ. ಪಟ್ಟಿ ಹಿಡಿದು ಕ್ಯಾಮೆರಾವನ್ನು ಬೀಸಿದೆ. ಎರಡು ವರ್ಷ ಕಾದು ಕೊಂಡ ಲೆನ್ಸು ಟ್ರೈಪಾಡ್ ಹಿಡಿದವನ ಮೊಣಕೈಗೆ ಬಡಿದು ಒಡೆಯಿತು. ಅವನು ಕಿರುಚಿ ಟ್ರೈಪಾಡ್ ಬಿಟ್ಟ. ಸುಖವಾಯಿತು, ಸುಳ್ಳು ಯಾಕೆ ಹೇಳಲಿ. ಮತ್ತೆ ಬೀಸಿದೆ. ಹಿಂದಿಯೆಲ್ಲ ಮರೆತುಹೋಗಿ ಬಾಯಿಂದ ಬರೀ ಕನ್ನಡ ಬರುತ್ತಿತ್ತು, ಅದೂ ನನ್ನ ಅಮ್ಮ ಕೇಳಿದ್ದರೆ ಬಾಯಿಗೆ ಬರೆ ಹಾಕುವಂಥ ಕನ್ನಡ. ಯಾರೋ ಕೂದಲು ಹಿಡಿದು ಎಳೆದರು, ಕೆನ್ನೆಗೆ ಒಂದು ಬಿತ್ತು. ಗಂಡನ ಮೇಲೆ ಅಡ್ಡಬಿದ್ದೆ.

"ಔರತ್ ಹೈ, ರುಕ್ ಜಾ!" ಎಂದು ಹೆಂಗಸನ್ನು ಕಂಡು ತಡೆದ ಒಬ್ಬ ನೆರೆತ ಮೀಸೆಯವನು.

"ಅಕೇಲಾ ಬೋಲಾ ಥಾ ಸಾಲಾ!" ಎಂದ ಒಬ್ಬ ಯುವಕ. ಒಬ್ಬನೇ ಎಂದು ಸುಳ್ಳು ಹೇಳಿದ್ದಾನೆ, ಅಂದರೆ ಸರ್ವೆಯ ತಂಡವೇ ಇದೆ. ಲಾಠಿ ಮತ್ತೆ ಮೇಲೆದ್ದಿತು.

ಲೆನ್ಸು ಹೋಗಿದ್ದರೂ ಕ್ಯಾಮೆರಾ ಜೀವಂತವಾಗಿತ್ತು. ಹಿಂಬದಿಯ ಪುಟ್ಟ ಪರದೆ ಹೊತ್ತಿಸಿ ಎತ್ತಿ ಹಿಡಿದೆ. "ದೇಖೋ! ಸಾರಸ್! ಸಿರ್ಫ್ ಸಾರಸ್!" ಗೂಡು, ಮೊಟ್ಟೆ, ಬಿರುಕು. ನೆರೆತ ಮೀಸೆಯವನು ಬಗ್ಗಿ ನೋಡಿದ. ಅವನ ಮುಖ ಸಡಿಲವಾಯಿತು. ಬದುಕಿದೆವು ಎಂದುಕೊಂಡೆ.

"ಇದು ಇನ್ನೂ ಕೆಟ್ಟದ್ದು" ಎಂದು ಯುವಕ ಹಿಂದಿಯಲ್ಲಿ ಅಬ್ಬರಿಸಿದ. ಸರ್ವೆಯವರು ಭೂಮಿ ತೆಗೆದುಕೊಂಡರೆ ದುಡ್ಡಾದರೂ ಕೊಡುತ್ತಾರೆ. ಇಲ್ಲಿ ಸಾರಸ ಇದೆಯೆಂದು ಫೋಟೋ ಹೋದರೆ ಪಕ್ಷಿಧಾಮ ಎನ್ನುತ್ತಾರೆ, ಆಮೇಲೆ ಹೊಲವೂ ಇಲ್ಲ, ದುಡ್ಡೂ ಇಲ್ಲ. ಮೊದಲು ಆ ಗೂಡು ಕಿತ್ತು ಹಾಕಬೇಕು.

"ಪಾಗಲ್ ಹೈ ಕ್ಯಾ?" ಎಂದ ನೆರೆತ ಮೀಸೆಯವನು. ಪಕ್ಷಿಧಾಮವಾದರೆ ಕಟ್ಟಡದವರು ಬರುವ ಹಾಗಿಲ್ಲ, ಹಕ್ಕಿಯಿಂದಲೇ ಭೂಮಿ ಉಳಿಯುತ್ತದೆ. ಅಲ್ಲದೆ ಸಾರಸದ ಗೂಡಿಗೆ ಕೈಹಾಕಿದವನ ಮನೆ ಉಳಿದೀತೇ?

ಯುವಕ ನೀರಿಗಿಳಿಯಲು ಹೊರಟ. ಮೀಸೆಯವನು ಕಾಲರ್ ಹಿಡಿದು ಎಳೆದ. ಯುವಕನ ಕಡೆಯ ಇಬ್ಬರು ಮೀಸೆಯವನನ್ನು ದೂಡಿದರು. ಅಷ್ಟೇ ಸಾಕಾಯಿತು. ನಮ್ಮ ಮೇಲೆ ಬೀಳುತ್ತಿದ್ದ ಲಾಠಿಗಳು ಈಗ ಒಬ್ಬರ ಮೇಲೊಬ್ಬರಿಗೆ ಬೀಳತೊಡಗಿದವು. ಹಳೆಯ ಗಡಿ ಜಗಳಗಳು, ಯಾರದೋ ಅಣ್ಣನ ಪಾಲು, ಎಲ್ಲ ಹೊರಗೆ ಬಂತು. ಒಬ್ಬನ ಹಲ್ಲು ನನ್ನ ಕಾಲಬಳಿ ಬಿತ್ತು. ನೀಲಗಾಯಿಗಳನ್ನು ನೋಡಿದವಳಿಗೆ ಇದರಲ್ಲಿ ಹೊಸದೇನೂ ಕಾಣಬಾರದಿತ್ತು. ಆದರೆ ನನಗೆ ಫೋಟೋ ತೆಗೆಯುವ ಆಸೆಯಾಗಲಿಲ್ಲ, ಹೆದರಿಕೆ ಆಯಿತು. ಗಂಡನ ಒಳ್ಳೆಯ ತೋಳನ್ನು ಹೆಗಲಿಗೆ ಹಾಕಿಕೊಂಡು, ಅರ್ಧ ಹೊತ್ತು ಅರ್ಧ ಎಳೆದು, ಕಾರಿನವರೆಗೂ ಬಂದೆ. ತಿರುಗಿ ನೋಡಿದಾಗ ಕಿತ್ತುಬಿದ್ದ ಮರೆಯ ಆಚೆ ಎರಡು ಕೆಂಪು ತಲೆಗಳು ಕಂಡವು. ಒಂದು ನಿಂತಿತ್ತು, ಇನ್ನೊಂದು ಗೂಡಿನ ಮೇಲೆ ಕೂತಿತ್ತು.

ಘಾಜಿಯಾಬಾದಿನ ಆಸ್ಪತ್ರೆಯಲ್ಲಿ ನನ್ನ ಹುಬ್ಬಿಗೆ ಹೊಲಿಗೆ ಹಾಕಿದರು. ಅವನಿಗೆ ಬಲ ಮುಂಗೈ ಎರಡು ಕಡೆ ಮುರಿದಿತ್ತು, ಪಕ್ಕೆಲುಬು ಬಿರುಕು ಬಿಟ್ಟಿತ್ತು, ಒಂದು ಕಿವಿ ಊದಿ ಬದನೆಕಾಯಿಯಾಗಿತ್ತು. ಪ್ಲಾಸ್ಟರ್ ಹಾಕಿ ವಾರ್ಡಿಗೆ ತಂದ ಮೇಲೆ ಕಣ್ಣು ಬಿಟ್ಟು ಅವನು ಕೇಳಿದ ಮೊದಲ ಮಾತು, "ಮರಿ ಹೊರಗೆ ಬಂತಾ?"

"ಬೆಂಕಿ ಬಿತ್ತು ಮರಿಗೆ" ಎಂದೆ. "ಹಾಳಾದ್ದು ಆ ದಾರ ಎಳೆದರೆ ಬಿಚ್ಚಲೇ ಇಲ್ಲ. ಇಲ್ಲದಿದ್ರೆ ನಾನು ಮೊದಲೇ ಬರ್ತಿದ್ದೆ. ಕೈ ಆದ್ರೂ ಉಳೀತಿತ್ತು."

ಅವನು ಪ್ಲಾಸ್ಟರ್ ಹಾಕಿದ ಕೈಯನ್ನು ಹೊಟ್ಟೆಯ ಮೇಲೆ ಸರಿಸಿಕೊಂಡ.

"ಬಿಚ್ಚಲ್ಲ ಅದು. ಕಗ್ಗಂಟು ಹಾಕಿದ್ದೆ."

"ಏನು?"

"ಏರಿ ಮೇಲೆ ಜನ ಸೇರಿದ್ದು ಬಟ್ಟೆ ಕಟ್ಟುವಾಗಲೇ ಕಾಣಿಸ್ತು. ಲಾಠಿನೂ ಕಾಣಿಸ್ತು. ಹೇಳಿದ್ರೆ ನೀನು ಅವರ ಮೇಲೇ ಜಗಳಕ್ಕೆ ಹೋಗ್ತಿದ್ದೆ. ಅಲ್ಲೇ ನಿಂತಿದ್ರೆ ಅವರೇ ಮರೆ ಹತ್ರ ಬರ್ತಿದ್ರು. ನಾನು ಹೋಗಿ ಮಾತಾಡ್ತೀನಿ, ಮುಗಿಯುತ್ತೆ ಅಂದ್ಕೊಂಡೆ. ವಾರದಿಂದ ಆ ಮೊಟ್ಟೆ ಮೊಟ್ಟೆ ಅಂತಿದ್ಯಲ್ಲ." ಉಸಿರೆಳೆದುಕೊಳ್ಳಲು ಪಕ್ಕೆ ನೋಯುತ್ತಿತ್ತು, ನಿಲ್ಲಿಸಿ ಹೇಳಿದ. "ಹೋಗೋದು ತಾನೇ ನನ್ನ ಕೆಲಸ."

ನನಗೆ ಬಂದ ಸಿಟ್ಟು ಆ ಏಳೆಂಟು ಜನರ ಮೇಲೂ ಬಂದಿರಲಿಲ್ಲ. ಅವನ ಮೈಮೇಲೆ ಏಟು ಬೀಳದೆ ಉಳಿದಿದ್ದ ಜಾಗ ಹುಡುಕಿ, ಎಡ ಭುಜಕ್ಕೆ ಮುಷ್ಟಿ ಬಿಗಿದು ಗುದ್ದಿದೆ. ನರ್ಸ್ ಓಡಿ ಬಂದು ಬೈದಳು. ಆಮೇಲೆ ಅದೇ ಭುಜಕ್ಕೆ ಹಣೆ ಒತ್ತಿ, ಹೊಲಿಗೆ ಬಿಚ್ಚುತ್ತದೆ ಎಂದು ಅವಳು ಕೂಗುತ್ತಿದ್ದರೂ ಅತ್ತೆ.

ಅವನ ಕೈ ಇವತ್ತಿಗೂ ಪೂರ್ತಿ ನೆಟ್ಟಗಾಗಿಲ್ಲ. ಆ ಹಳ್ಳಿಗೆ ಮತ್ತೆ ಹೋಗಲಿಲ್ಲ. ಮೊಟ್ಟೆ ಒಡೆಯಿತೋ ಇಲ್ಲವೋ ತಿಳಿಯಲಿಲ್ಲ. ಫೋಟೋ ತೆಗೆಯುವುದನ್ನು ಮಾತ್ರ ನಾನು ಬಿಡಲಿಲ್ಲ. ಮಾರನೆಯ ವರ್ಷ ಬೇರೆ ಜೌಗಿನಲ್ಲಿ ಹೊಸ ಮರೆ ಕಟ್ಟಿದೆ, ಇಬ್ಬರು ಒತ್ತೊತ್ತಾಗಿ ಕೂರುವಷ್ಟು. ಅವನು ಒಳಗೇ ಪೇಪರ್ ಓದುತ್ತಾನೆ. ಹಿಂಬದಿಯ ಬಟ್ಟೆಯನ್ನು ನಾನು ಕಟ್ಟುವುದೇ ಇಲ್ಲ, ಗಾಳಿಗೆ ಪಟಪಟ ಬಡಿಯುತ್ತಿರುತ್ತದೆ. ಹಕ್ಕಿಗಳು ದೂರದಲ್ಲೇ ನಿಂತು ನೋಡುತ್ತವೆ, ಹತ್ತಿರ ಬರುವುದಿಲ್ಲ.

"ನಾನು ಎದ್ದು ಹೋಗ್ಲಾ?" ಎಂದು ಅವನು ಪ್ರತಿ ಭಾನುವಾರ ಕೇಳುತ್ತಾನೆ.

"ಕೂತ್ಕೋ" ಎನ್ನುತ್ತೇನೆ.